ನೀಲಿ ಟೋಪಿ, ಖಣಿ ನೀರು

ನನ್ನ ಹಣೆಬರಹವೇ ಹೀಗೆ. ದೇಶ ಬದಲಾದರೂ, ನಾನು ಪುಡಿ ಹಾಕಿದ ನೀರನ್ನು ಯಾರೂ ಸುಮ್ಮನೆ ಕುಡಿಯುವುದಿಲ್ಲ.

೧. ಅಲ್ಲಿ

ಸೈನ್ಯದಲ್ಲಿ ನರ್ಸಿಂಗ್ ಕೆಲಸದಲ್ಲಿದ್ದೆ. ನೀಲಿ ಟೋಪಿ ತೊಡಿಸಿ ಶಾಂತಿಪಾಲನಾ ಪಡೆಯ ಜೊತೆ ಆಫ್ರಿಕಾಕ್ಕೆ ಕಳಿಸಿದರು. ಒಂದು ಹಳ್ಳಿಯಲ್ಲಿ ಕಾಲರಾ. ಮುಂದಿನ ಗಾಡಿಯಲ್ಲಿ ಬಂದೂಕು, ಹಿಂದಿನದರಲ್ಲಿ ಬ್ಲೀಚಿಂಗ್ ಪುಡಿ. ನಮ್ಮನ್ನು ಕಂಡದ್ದೇ ಊರಿಗೆ ಊರೇ ಕಾಡಿಗೆ ಓಡಿತು.

ಓಡಲಾಗದ ಮುದುಕಿಯೊಬ್ಬಳು ದುಭಾಷಿಯ ಮೂಲಕ ಹೇಳಿಸಿದಳು: "ಬಂದೂಕಿನವರು ಇಲ್ಲಿಯವರೆಗೆ ಒಯ್ದದ್ದೇ ಹೆಚ್ಚು. ನೀನು ಕೊಡಲು ಬಂದಿದ್ದರೆ ಮೊದಲು ನೀನೇ ಕುಡಿ."

ಪುಡಿ ಬೆರೆಸಿದ ನೀರು ಕುಡಿದೆ. ಜನ ಒಬ್ಬೊಬ್ಬರಾಗಿ ಮರಳಿದರು, ಪ್ರತಿ ಮನೆಯವರೂ ತಮ್ಮ ಕೊಡದಿಂದ ನನಗೊಂದು ಲೋಟ ಕುಡಿಸಿದರು. ಸಂಜೆಗೆ ಊರಿಗೆಲ್ಲ ಶಾಂತಿ ಸಿಕ್ಕಿತು, ನನ್ನ ಹೊಟ್ಟೆಗೊಂದು ಬಿಟ್ಟು.

೨. ಇಲ್ಲಿ

ನಿವೃತ್ತನಾಗಿ ವಾಡಿ ಹತ್ತಿರದ ನಮ್ಮೂರಿಗೆ ಬಂದೆ. ಮಳೆಗಾಲದಲ್ಲಿ ವಾಂತಿಭೇದಿ ಹಬ್ಬಿತು. ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯ ಹೊಂಡದಲ್ಲಿ ನಿಂತ ನೀರೇ ಎಲ್ಲರಿಗೂ ಸಿಹಿ. ಪಕ್ಕದ ಮನೆಯ ಅಜ್ಜ ತೀರಿಕೊಂಡರು. ಅವರ ಮಣ್ಣಿಗೆ ಬಂದವರೂ ಅದನ್ನೇ ಕುಡಿದರು. ನನಗೆ ಅಳು ಬಂತು.

ನಳದ ಟಾಕಿಗೆ ಪುಡಿ ಹಾಕಿಸಿದೆ. ಗೌಡರು ಕೇಳಿದರು, "ಇದು ಸಂಡಾಸಕ್ಕ ಹಾಕೋ ಪುಡಿ ಅದರಿ. ಕುಡೀರಿ ಅಂತೀರಲ್ಲ, ನಾವು ನಿಮಗೇನ್ ಮಾಡೀವ್ರಿ?"

ಹಳೆಯ ನೀಲಿ ಟೋಪಿ ಹಾಕಿಕೊಂಡು ದಿನಾ ಕಟ್ಟೆಯ ಮೇಲೆ ನಿಂತು ನಳದ ನೀರು ಕುಡಿದು ತೋರಿಸಿದೆ. ಜನ ನನ್ನ ಜೊತೆ ಫೋಟೊ ತೆಗೆಸಿಕೊಂಡು, ಕೊಡ ಎತ್ತಿಕೊಂಡು ಖಣಿಗೆ ಹೋದರು.

೩. ತೀರ್ಥ

ಆದರೂ ವಾರದಲ್ಲಿ ಅರ್ಧ ಊರು ನಳಕ್ಕೆ ತಿರುಗಿತು. ಸೈನ್ಯದಲ್ಲೂ ಅಷ್ಟು ಹಿಗ್ಗಿರಲಿಲ್ಲ. ಮರುದಿನವೇ ನನಗೆ ವಾಂತಿಭೇದಿ ಹತ್ತಿತು. ಚಿತ್ತಾಪುರದ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು.

ಮಂಚದ ಪಕ್ಕ ಕೂತಿದ್ದ ಅವ್ವನನ್ನು ಕೇಳಿದೆ, "ಅವ್ವಾ, ಮನ್ಯಾಗ ಬ್ಯಾರೆ ನೀರು ಇದ್ದುವೇನು?"

"ಇಲ್ಲೋ ಯಪ್ಪಾ, ಕುಡೀಲಿಕ್ಕ ನಳದ್ದೇ. ಲಿಂಗಪೂಜಾಕ್ಕ ಅಷ್ಟ ಖಣಿ ನೀರು. ದೇವರಿಗಿ ಸಂಡಾಸದ ಪುಡಿ ಹಾಕ್ತಾರೇನು?"

ರೋಗ ಊರು ಬಿಡಲೆಂದು ದಿನಾ ಬೆಳಿಗ್ಗೆ ಮೂರು ಸಲ ಅಂಗೈಗೆ ಆ ಪೂಜೆಯ ತೀರ್ಥವನ್ನೇ ಹಾಕಿ ಕುಡಿಸಿದ್ದಳು. ತಾನೂ ಕುಡಿದಿದ್ದಳು, ಅವಳಿಗೇನೂ ಆಗಿರಲಿಲ್ಲ.

ಅಷ್ಟರಲ್ಲಿ ಗೌಡರು ಬಂದು ಕೈಮುಗಿದರು. "ನೀವ್ ಖರೇ ಶಾಂತಿ ಸೈನಿಕರು ನೋಡ್ರಿ. ನಮ್ಮ ಸಲುವಾಗಿ ಮೊದಲ ಕುಡುದು ತೋರ್ಸಿದ್ರಿ. ನಾವು ಬದುಕಿದ್ವಿ. ಈಗ ಊರಾಗ ಒಬ್ಬರೂ ನಳ ಮುಟ್ಟವಲ್ರು!"

ನಾನು ಬಾಯಿ ತೆರೆಯುವಷ್ಟರಲ್ಲಿ ಚೀಲದಿಂದ ಬಾಟಲಿ ತೆಗೆದರು. "ನಿಮಗಂತ ಭಾಳ ಛಲೋ ಖಣಿ ನೀರು ತಂದೀನ್ರಿ."

ನನ್ನ ಮುಖ ನೋಡಿ ಅನುಮಾನ ಎಂದುಕೊಂಡರೋ ಏನೋ, ಮುಚ್ಚಳ ತೆಗೆದು ಮೊದಲು ತಾವೇ ಗಟಗಟ ಕುಡಿದು ತೋರಿಸಿದರು.