ಮಾವನ ಕತ್ತಿಯ ಹಿಡಿ

ಮಾವನ ಕತ್ತಿಯ ಹಿಡಿ ಬಿಚ್ಚಿದ್ದು ತಪ್ಪು ಎಂದು ದಂಡನಾಯಕನಿಗೆ ಬುಧವಾರ ಅನ್ನಿಸಿರಲಿಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಫೋನು ಬಂದಾಗ ಅನ್ನಿಸಿತು. ಸಂಜೆ ಬರಬೇಕಿದ್ದ ಮಾವ ಮಧ್ಯಾಹ್ನ ಒಂದು ಗಂಟೆಗೇ ಬರುತ್ತಾರಂತೆ. ಊಟ ಮುಗಿಸಿ ಕತ್ತಿಯನ್ನೂ ತೆಗೆದುಕೊಂಡು ಹೋಗುತ್ತಾರಂತೆ. ಹೆಂಡತಿ ಇಷ್ಟನ್ನು ಅಡುಗೆಮನೆಯಿಂದಲೇ ಹೇಳಿ ಮುಗಿಸುವಷ್ಟರಲ್ಲಿ ದಂಡನಾಯಕ ಎರಡೆರಡು ಮೆಟ್ಟಿಲು ಹಾರುತ್ತ ಮೇಲಿನ ಕೋಣೆ ಸೇರಿದ್ದ.

ದಂಡನಾಯಕ ಎಂಬುದು ಬೀದಿಯವರು ಇಟ್ಟ ಹೆಸರು. ಮನೆಮನೆಗೆ ಹೋಗಿ ನೀರಿನ ಮೀಟರು ಓದಿ ಬರೆದುಕೊಳ್ಳುವುದು ಅವನ ಕೆಲಸ. ಮೀಟರಿನ ಪಕ್ಕದಲ್ಲಿ ಹಲ್ಲಿ ಕೂತಿದ್ದರೆ ದೂರದಿಂದಲೇ ಅಂದಾಜು ಬರೆದುಕೊಂಡು ಬರುವಷ್ಟು ಧೈರ್ಯಶಾಲಿ. ಅಂಥವನಿಗೆ ಕತ್ತಿಗಳ ಹುಚ್ಚು. ನಿಜವಾದ ಕತ್ತಿಯಲ್ಲ, ಹಳೆಯ ಕಾಲದ ಕತ್ತಿಗಳನ್ನು ನೋಡಿ ಮಾಡಿದ ಮೊಂಡು ನಕಲು, ಸೌತೆಕಾಯಿಯನ್ನೂ ಹೆಚ್ಚಲು ಬಾರದಂಥದ್ದು. ಅಂಥವು ಅವನ ಬಳಿ ಮೂರಿದ್ದವು. ಆದರೆ ಅವನ ಸುಖ ಕತ್ತಿ ಇಟ್ಟುಕೊಳ್ಳುವುದರಲ್ಲಿ ಇರಲಿಲ್ಲ, ಬಿಚ್ಚುವುದರಲ್ಲಿತ್ತು. ಒಂದರ ಹಿಡಿ ತೆಗೆದು ಇನ್ನೊಂದರ ಅಲಗಿಗೆ ಕೂರಿಸಿ, ದೂರ ನಿಂತು ನೋಡಿ, ತಲೆದೂಗುವುದು. ಮರುವಾರ ಅದನ್ನೂ ಬಿಚ್ಚುವುದು.

ಬಿಚ್ಚುವುದೇನೂ ದೊಡ್ಡ ವಿದ್ಯೆಯಲ್ಲ. ಅಲಗಿನ ಬುಡಕ್ಕೆ ಬೆರಳಗಲದ ಒಂದು ಬಾಲವಿರುತ್ತದೆ. ಅದಕ್ಕೆ ಮೊದಲು ಕೈಗೆ ಏಟು ತಾಗದಂತೆ ತಡೆಯುವ ಅಡ್ಡಪಟ್ಟಿ, ಆಮೇಲೆ ಚರ್ಮ ಸುತ್ತಿದ ಹಿಡಿ, ಕೊನೆಗೆ ತಿರುಪಿ ಬಿಗಿಯುವ ಲೋಹದ ಗುಂಡು. ಈ ಮೂರೂ ಸೇರಿದರೆ ಕತ್ತಿಗೆ ಕೈಹಿಡಿ ಆಯಿತು. ಎಲ್ಲ ಕತ್ತಿಯ ಭಾಗಗಳೂ ಒಂದಕ್ಕೊಂದು ಹೊಂದುತ್ತವೆ ಎಂದು ಮಾರುವವರು ಹೇಳುತ್ತಾರೆ. ಆದರೆ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಆ ಕೂದಲೆಳೆಯನ್ನು ಅರದಿಂದ ಉಜ್ಜುತ್ತ, ಹಿಡಿಗಳಿಗೆ ತಾನೇ ಚರ್ಮ ಹೊಲಿಯುತ್ತ ದಂಡನಾಯಕ ಎಷ್ಟೋ ರಜೆಗಳನ್ನು ಕಳೆದಿದ್ದ.

ಕಳೆಯಲು ಜಾಗವಾಗಿದ್ದದ್ದು ಆ ಮೇಲಿನ ಕೋಣೆ. ಮನೆ ಮಾವನದು. ಮಗಳು ಅಳಿಯ ಕೆಳಗೆ ಇರಲಿ ಎಂದು ಬಿಟ್ಟುಕೊಟ್ಟವರು ಮೇಲಿನ ಕೋಣೆಯ ಮಾತನ್ನೇ ಎತ್ತಿರಲಿಲ್ಲ. ಹೋದ ತಿಂಗಳು ಪಕ್ಕದ ಮನೆಯ ಟೈಲರಮ್ಮ ತನ್ನ ಎರಡು ಹೊಲಿಗೆ ಮೆಷಿನ್ನಿಗೆ ಆ ಕೋಣೆ ಬೇಕೆಂದು ಅವರನ್ನೇ ಕೇಳಿಬಿಟ್ಟಳು. ಮುಂದಿನ ಸಲ ಊಟಕ್ಕೆ ಬಂದಾಗ ಹೇಳುತ್ತೇನೆ ಎಂದಿದ್ದರು ಮಾವ. ಮುಂದಿನ ಸಲ ಎಂದರೆ ಇವತ್ತು. ಕೋಣೆ ಹೋದರೆ ಕತ್ತಿಗಳಿಗೆ ಮಂಚದ ಕೆಳಗೂ ಜಾಗವಿಲ್ಲವೆಂದು ಹೆಂಡತಿ ಆಗಲೇ ತೀರ್ಪು ಕೊಟ್ಟಾಗಿತ್ತು.

ಮಾವ ಒಂದು ಕಾಲದಲ್ಲಿ ಬ್ಯಾಂಡ್ ಮಾಸ್ತರು. ಮೆರವಣಿಗೆಯಲ್ಲಿ ತುತ್ತೂರಿಯವರ ಮುಂದೆ ಕತ್ತಿ ಎತ್ತಿ ನಡೆದವರು. ನಿವೃತ್ತಿಯ ದಿನ ಶಿಷ್ಯರೆಲ್ಲ ಸೇರಿ ಒಂದು ನಕಲಿ ಕತ್ತಿಯನ್ನು ಉಡುಗೊರೆ ಕೊಟ್ಟಿದ್ದರು. ಮಾತು ಬಹಳ ಕಡಿಮೆ. ಎಂಟು ದಿನದ ಹಿಂದೆ ಬಂದು ಆ ಕತ್ತಿಯನ್ನು ಅಳಿಯನ ಕೈಗಿಟ್ಟು, "ನಿಮ್ಮ ಹತ್ರ ಇರಲಿ, ಭಾನುವಾರ ಬರ್ತೀನಿ," ಎಂದು ಹೇಳಿ ಹೊರಟುಹೋಗಿದ್ದರು. ಪಾಲಿಶಿಗೆ ಇರಬೇಕು ಎಂದಳು ಹೆಂಡತಿ. ದಂಡನಾಯಕ ಪಾಲಿಶ್ ಮಾಡಿದ. ಮಾಡುತ್ತ ಮಾಡುತ್ತ ಅಲಗನ್ನು ನೋಡಿದ. ನೇರವಾಗಿ, ತೆಳ್ಳಗೆ, ಕಣ್ಣು ಕೀಳಲಾಗದ ಅಲಗು. ಅದಕ್ಕೆ ಸಿಕ್ಕಿದ ಕೈಹಿಡಿ ಮಾತ್ರ ನಲ್ಲಿಯ ತಿರುಪಿನಂತೆ ಗಿಡ್ಡ, ಮೇಲೆ ಚಿನ್ನದ ಬಣ್ಣ ಬೇರೆ. ಸುಮ್ಮನೆ ನೋಡೋಣವೆಂದು ತನ್ನ ಅತ್ಯುತ್ತಮ ಕೈಹಿಡಿಯನ್ನು ಬಿಚ್ಚಿ ಅದಕ್ಕೆ ಕೂರಿಸಿದ. ಉದ್ದನೆಯ ಕಪ್ಪು ಚರ್ಮದ ಹಿಡಿ, ಬಾಗಿದ ಅಡ್ಡಪಟ್ಟಿ. ಆ ಜೋಡಿ ನೋಡಿ ಅವನ ಕಣ್ಣಲ್ಲಿ ನೀರೇ ಬಂತು.

ಬಿಚ್ಚಲು ಮನಸ್ಸಾಗದೆ ನಾಲ್ಕು ದಿನ ಹಾಗೇ ಬಿಟ್ಟ. ಅಷ್ಟರಲ್ಲಿ ಬೋಳಾದ ತನ್ನ ಅಲಗಿಗೆ ಇನ್ನೊಂದರ ಹಿಡಿ, ಆ ಇನ್ನೊಂದಕ್ಕೆ ಮತ್ತೊಂದರ ಅಡ್ಡಪಟ್ಟಿ, ಅದಕ್ಕೆ ಮಾವನ ಕತ್ತಿಯ ಗುಂಡು, ಹೀಗೆ ಒಂದರ ಅಂಗಿ ಒಂದಕ್ಕೆ ತೊಡಿಸಿ ನಾಲ್ಕೂ ಕತ್ತಿಗಳು ಕಲಬೆರಕೆಯಾಗಿದ್ದವು. ಈಗ ಮಾವನ ಕತ್ತಿ ಮಾವನ ಕತ್ತಿಯಾಗಬೇಕಾದರೆ ನಾಲ್ಕನ್ನೂ ಬಿಚ್ಚಲೇಬೇಕು.

ಹತ್ತು ಗಂಟೆಗೆ ಬಿಚ್ಚಿ ಮುಗಿಸಿದ. ಅವನದೊಂದು ಪದ್ಧತಿ ಇತ್ತು. ಯಾವ ಭಾಗ ಯಾವ ಕತ್ತಿಗೆ ಸೇರಬೇಕೋ ಅದನ್ನು ಆ ಕತ್ತಿಯ ಸಾಲಿನಲ್ಲೇ ಇಡುವುದು. ಮೇಜಿನ ಮೇಲೆ ನಾಲ್ಕು ಸಾಲು, ನಾಲ್ಕು ಕತ್ತಿ. ಕಿಟಕಿಯ ಕಡೆಯ ಸಾಲು ಮಾವನದು. ಇನ್ನು ಅರ್ಧ ಗಂಟೆಯ ಕೆಲಸ ಎಂದುಕೊಂಡು, ಎಣ್ಣೆಯ ಕೈ ತೊಳೆಯಲು ನಿಶ್ಚಿಂತೆಯಿಂದ ಕೆಳಗಿಳಿದ.

ಆ ಹೊತ್ತಿಗೇ ಎದುರುಮನೆಯ ಹಿರಿಯರು ಏಣಿ ಕೇಳಲು ಬಂದವರು ಮೇಲಿನ ಕೋಣೆಗೆ ಹೋದರು. ಮೂವತ್ತೊಂದು ವರ್ಷ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಒಂದು ಬೋಲ್ಟು, ಒಂದು ಪಟ್ಟಿ, ಒಂದು ಹಿಡಿ ಹೀಗೆ ಜಾತಿಗೆಟ್ಟು ಒಟ್ಟಿಗೆ ಬಿದ್ದಿರುವುದನ್ನು ನೋಡಿಕೊಂಡು ಸುಮ್ಮನಿರುವುದು ಅವರ ಜೀವಕ್ಕೆ ಒಗ್ಗದ ಸಂಗತಿ. ದಂಡನಾಯಕ ಕಾಫಿಯನ್ನೂ ಮುಗಿಸಿ ಟವಲಿನಿಂದ ಬಾಯಿ ಒರೆಸುತ್ತ ಬಂದಾಗ ಮೇಜು ಲಕಲಕ ಹೊಳೆಯುತ್ತಿತ್ತು. ಅಲಗುಗಳು ಉದ್ದದ ಪ್ರಕಾರ ಒಂದು ಕಡೆ, ಅಡ್ಡಪಟ್ಟಿಗಳು ಅಗಲದ ಪ್ರಕಾರ ಒಂದು ಕಡೆ, ಹಿಡಿಗಳು ಒಂದು ಕಡೆ, ನಾಲ್ಕು ಗುಂಡುಗಳು ಸ್ಟೀಲ್ ಬಟ್ಟಲಿನಲ್ಲಿ. ಪ್ರತಿ ಗುಂಪಿನ ಮುಂದೆ ಚೀಟಿ, ಚೀಟಿಯ ಮೇಲೆ "ನಗ ೪", ಅಂದರೆ ನಾಲ್ಕು ಸಾಮಾನು, ಎಂದು ದುಂಡಾದ ಅಕ್ಷರ.

"ಅದು ಹೇಗೆ ಇಟ್ಕೊಂಡಿದ್ರಿ ನೀವು," ಎಂದರು ಹಿರಿಯರು, ಪ್ರೀತಿಯಿಂದ ಗದರುತ್ತ. "ಒಂದು ಕಳೆದುಹೋದ್ರೆ ಗೊತ್ತಾಗ್ತಾ ಇತ್ತಾ?"

ದಂಡನಾಯಕ ಪ್ರತಿ ಗುಂಪನ್ನೂ ಎಣಿಸಿದ. ಒಂದೂ ಕಳೆದಿರಲಿಲ್ಲ, ನಿಜ. ಆದರೆ ನಾಲ್ಕು ಕತ್ತಿಗಳೂ ಕಾಣೆಯಾಗಿದ್ದವು. ಹೋಗಲಿ, ಚಿನ್ನದ ಬಣ್ಣದ್ದೆಲ್ಲ ಮಾವನದು ಎಂದುಕೊಂಡರೆ ಅಡ್ಡಪಟ್ಟಿಗಳಲ್ಲಿ ಮೂರು ಚಿನ್ನದ ಬಣ್ಣದವು, ಗುಂಡುಗಳಲ್ಲಿ ಎರಡು. ಹಿಡಿಗಳಲ್ಲಿ ಮಾವನದು ಗಿಡ್ಡ, ಸರಿ. ಗಿಡ್ಡನೆಯವು ಎರಡಿದ್ದವು. ಬುಧವಾರ ಅಷ್ಟು ಅಸಹ್ಯವಾಗಿ ಕಂಡಿದ್ದ ಕೈಹಿಡಿ ಈಗ ಎಷ್ಟು ನೆನಪಿಸಿಕೊಂಡರೂ ಕಣ್ಣಿಗೆ ಬರಲೊಲ್ಲದು. ಮಾವನ ಕತ್ತಿಯನ್ನು ತಾನು ನಿಜವಾಗಿ ನೋಡಿದ್ದೇನೆಯೇ ಎಂಬುದೇ ಅವನಿಗೆ ಅನುಮಾನವಾಯಿತು.

ಹೆಂಡತಿಯನ್ನು ಕೂಗಿ ವಿಷಯ ತಿಳಿಸಿದ. ಅವಳು ಹಣೆ ಚಚ್ಚಿಕೊಂಡು ಕೆಳಗೆ ಹೋಗಿ ಅಪ್ಪನ ನಿವೃತ್ತಿಯ ದಿನದ ಫೋಟೋ ತಂದಳು. ಮೂವರೂ ಬೆಳಕಿಗೆ ಹಿಡಿದು ನೋಡಿದರು. ಫೋಟೋದಲ್ಲಿ ಮಾವ ಕತ್ತಿ ಹಿಡಿದು ಠೀವಿಯಿಂದ ನಿಂತಿದ್ದರು. ಅಲಗು ಚೆನ್ನಾಗಿ ಬಂದಿತ್ತು. ಅದರ ಕೆಳಗೆ ಇದ್ದದ್ದೆಲ್ಲ ಮಾವನ ಮುಷ್ಟಿ.

ಹಿರಿಯರು ಇದು ತಮ್ಮಿಂದಾದ ಎಡವಟ್ಟು ಎಂದು ತಿಳಿದ ಕೂಡಲೇ ಪ್ಯಾಂಟು ಮೊಳಕಾಲಿನವರೆಗೆ ಮಡಿಸಿ ನಿಂತರು. ಎಲ್ಲವನ್ನೂ ಎಲ್ಲದಕ್ಕೂ ಹಾಕಿ ನೋಡಿಬಿಟ್ಟರೆ ಸರಿಯಾದದ್ದು ತಾನಾಗಿ ಸಿಕ್ಕುತ್ತದೆ ಎಂಬುದು ಅವರ ವಾದ. ಹಾಕಿ ನೋಡಿದರು. ಒಂದು ಜೋಡಿ ಗಡಗಡ ಅಲ್ಲಾಡಿತು. ಒಂದು ಅಡ್ಡಪಟ್ಟಿ ತಲೆಕೆಳಗಾಗಿ ಸಿಕ್ಕಿಕೊಂಡು, ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಒಂದು ಹಂತದಲ್ಲಿ ಮೂರು ಕತ್ತಿಗಳು ಅಚ್ಚುಕಟ್ಟಾಗಿ ತಯಾರಾಗಿ, ನಾಲ್ಕನೆಯದಕ್ಕೆ ಒಂದು ಅಲಗು, ಒಂದು ಅಡ್ಡಪಟ್ಟಿ, ಎರಡು ಗುಂಡು ಉಳಿದವು; ಅಂದರೆ ಮೊದಲ ಮೂರರಲ್ಲಿ ಯಾವುದೋ ಒಂದಕ್ಕೆ ಎರಡು ಹಿಡಿ ಏರಿಸಿ ಇನ್ನೊಂದನ್ನು ಗುಂಡೇ ಇಲ್ಲದೆ ಬಿಟ್ಟಿದ್ದರು. ಎಲ್ಲಿ ಎಂದು ಇಬ್ಬರೂ ಹುಡುಕುವಾಗ ಹಿರಿಯರ ಮೊಣಕೈ ತಾಗಿ ಬಟ್ಟಲು ಉರುಳಿತು. ಒಂದು ಗುಂಡು ಮೆಟ್ಟಿಲು ಇಳಿದು, ಅಂಗಳ ದಾಟಿ, ಪಕ್ಕದ ಮನೆಯೊಳಗೆ ಹೋಯಿತು.

ಐದು ನಿಮಿಷದಲ್ಲಿ ಟೈಲರಮ್ಮ ಗುಂಡನ್ನು ಸೆರಗಿನಲ್ಲಿ ಹಿಡಿದುಕೊಂಡು ಮೇಲೆ ಬಂದಳು. ಈ ಕೋಣೆಗೆ ಕಣ್ಣು ಹಾಕಿದವಳೇ ಈಗ ಕೋಣೆಯ ಅವಸ್ಥೆಯನ್ನು ಕಣ್ಣಾರೆ ನೋಡುತ್ತಿದ್ದಾಳೆ. ಅವಳು ಎಲ್ಲವನ್ನೂ ಒಮ್ಮೆ ನೋಡಿ, ಗಡಿಯಾರವನ್ನೂ ನೋಡಿ, ಮೇಜಿನ ಮುಂದೆ ಕೂತಳು. ನಾಲ್ಕು ಹಿಡಿಗಳನ್ನೂ ಮೂಗಿನ ಹತ್ತಿರ ತಂದು ಒಂದೊಂದಾಗಿ ತಿರುಗಿಸಿದಳು.

"ಇದೊಂದು ಮೆಷಿನ್ ಹೊಲಿಗೆ," ಎಂದು ಒಂದು ಗಿಡ್ಡ ಹಿಡಿಯನ್ನು ಪಕ್ಕಕ್ಕಿಟ್ಟಳು. "ಉಳಿದ ಮೂರು ನೀವು ಹೊಲಿದಿದ್ದು. ಅದು ನೋಡಿದ್ರೇ ಗೊತ್ತಾಗುತ್ತೆ."

ಮಾತು ಚುಚ್ಚಿದರೂ ದಂಡನಾಯಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹಿಡಿ ಸಿಕ್ಕಿತು. ಹಿಡಿಯ ಅಂಚಿನ ಗುರುತು ನೋಡಿ ಅಡ್ಡಪಟ್ಟಿಯನ್ನು ಹಿರಿಯರು ಕಂಡುಹಿಡಿದರು. ಗುಂಡು ಅದರದೇ ತಿರುಪಿಗೆ ಮಾತ್ರ ಕೊನೆಯವರೆಗೆ ಕೂತಿತು. ಹನ್ನೆರಡೂ ಮುಕ್ಕಾಲಿಗೆ ಮಾವನ ಕತ್ತಿ ಮಾವ ಕೊಟ್ಟಂತೆಯೇ, ಅಷ್ಟೇ ಕುರೂಪವಾಗಿ, ಮೇಜಿನ ಮೇಲೆ ಮಲಗಿತ್ತು. ಅದನ್ನು ನೋಡಿ ಇಷ್ಟು ಸಂತೋಷವಾದೀತೆಂದು ಅವನು ಎಣಿಸಿರಲಿಲ್ಲ.

ಇನ್ನು ಮುಚ್ಚಿಸಲು ಉಳಿದದ್ದು ಬಾಯಿಗಳು. ದಂಡನಾಯಕ ಮೂವರ ಮುಂದೆಯೂ ಕೈಮುಗಿದ. ಮಾವನ ನೆನಪಿನ ವಸ್ತುವನ್ನು ಬಿಚ್ಚಿ ಆಟವಾಡಿದೆ ಎಂದು ಗೊತ್ತಾದರೆ ಕೋಣೆಯಷ್ಟೇ ಅಲ್ಲ, ತಾನು ಅವರ ಮುಖ ನೋಡುವ ಹಾಗೂ ಇರುವುದಿಲ್ಲ ಎಂದ. ಏನಾದರೂ ಆಗಲಿ, ಯಾರೇ ಕೇಳಲಿ, ಅಳಿಯ ಆ ಕತ್ತಿಯನ್ನು ಒರೆಸಿದ್ದು ಬಿಟ್ಟರೆ ಬೆರಳೂ ತಾಗಿಸಿಲ್ಲ ಎನ್ನಬೇಕು. ಹಿರಿಯರು ಎದೆ ಮುಟ್ಟಿಕೊಂಡು ಮಾತು ಕೊಟ್ಟರು. ಟೈಲರಮ್ಮ ತಲೆಯಾಡಿಸಿದಳು. ಹೆಂಡತಿಯೊಬ್ಬಳು, ಹುಟ್ಟಿದಾಗಿನಿಂದ ಅಪ್ಪನಿಗೆ ಒಂದೂ ಸುಳ್ಳು ಹೇಳಿದವಳಲ್ಲ, ಬಹಳ ಹೊತ್ತು ಮುಖ ಊದಿಸಿಕೊಂಡಿದ್ದು ಕೊನೆಗೆ ಆಗಲಿ ಎಂದಳು.

ಮಾವ ಒಂದು ಗಂಟೆಗೆ ಸರಿಯಾಗಿ ಬಂದರು. ಊಟಕ್ಕೂ ಮೊದಲೇ ಕತ್ತಿ ಕೇಳಿದರು. ಹಿರಿಯರು, ಟೈಲರಮ್ಮ ಇಬ್ಬರೂ ಇನ್ನೂ ಅಲ್ಲೇ ಇದ್ದರು. ಇಷ್ಟು ಕಷ್ಟಪಟ್ಟ ಮೇಲೆ ಆಟದ ಕೊನೆ ನೋಡದೆ ಹೋಗುವ ಜನ ಆ ಬೀದಿಯಲ್ಲಿ ಇರಲಿಲ್ಲ. ದಂಡನಾಯಕ ಎರಡೂ ಕೈಯಲ್ಲಿ ಕತ್ತಿಯನ್ನು ಒಪ್ಪಿಸಿದ. ಮಾವ ಅದನ್ನು ಒರೆಯಿಂದ ಎಳೆದರು. ಕೈಹಿಡಿಯನ್ನು ನೋಡಿದರು. ತಿರುಗಿಸಿ ಇನ್ನೊಮ್ಮೆ ನೋಡಿದರು. ಅವರ ಮುಖ ಸಣ್ಣದಾಯಿತು.

"ಹೇಗಿತ್ತೋ ಹಾಗೇ ಇದೆಯಲ್ಲ," ಎಂದರು.

"ಹೌದು ಮಾವ, ಹೇಗೆ ಕೊಟ್ಟಿದ್ರೋ ಹಾಗೇ ಇದೆ," ಎಂದ ದಂಡನಾಯಕ, ಹೆಮ್ಮೆಯಿಂದ.

ಮಾವ ಕತ್ತಿಯನ್ನು ಹಿಡಿದು ತೋರಿಸಿದರು. ಹಿಡಿಯ ಮೇಲೆ ಮೂರು ಬೆರಳು ಕೂತವು. ಕಿರುಬೆರಳು ಕೂರಲು ಜಾಗ ಸಿಗದೆ ಗಾಳಿಯಲ್ಲಿ ನಿಂತಿತು. ಅದೇ ಮೊದಲ ಸಲ ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು.

"ಹನ್ನೆರಡು ವರ್ಷದಿಂದ ಇದನ್ನ ಹೀಗೇ ಹಿಡೀತಾ ಇದೀನಿ. ಕೊಟ್ಟವರಿಗೆ ಬೇಜಾರಾಗಬಾರದು ಅಂತ ಯಾರಿಗೂ ಹೇಳ್ಲಿಲ್ಲ. ಹಳೇ ಬ್ಯಾಂಡಿನವರದು ಬರೋ ತಿಂಗಳು ಮೆರವಣಿಗೆ ಇದೆ. ನೀವು ಹಿಡಿ ಬದಲಾಯಿಸೋದ್ರಲ್ಲಿ ಗಟ್ಟಿಗರು ಅಂತ ಮಗಳು ಹೇಳಿದ್ಲು. ಬಾಯಿಬಿಟ್ಟು ಹೇಳದೆ ಕೊಟ್ಟು ನೋಡೋಣ, ನಿಜವಾಗ್ಲೂ ಕಣ್ಣಿರೋರಾದ್ರೆ ಈ ಕೈಹಿಡಿ ನೋಡ್ಕೊಂಡು ಸುಮ್ಮನಿರಲ್ಲ, ಹಾಗೇನಾದ್ರೂ ಮಾಡಿದ್ರೆ ಮೇಲಿನ ಕೋಣೆ ನಿಮಗೇ ಬರೆದುಕೊಟ್ಟುಬಿಡೋಣ ಅಂತಿದ್ದೆ."

ದಂಡನಾಯಕ ಒಂದು ಹೆಜ್ಜೆ ಮುಂದೆ ಬಂದ. "ಮಾಡಿದ್ದೆ ಮಾವ," ಎಂದ. "ಉದ್ದನೆಯ ಕಪ್ಪು ಹಿಡಿ, ನಾಲ್ಕು ಬೆರಳೂ ಹಿಡೀತಿತ್ತು. ಬುಧವಾರದಿಂದ ಇವತ್ತು ಬೆಳಿಗ್ಗೆವರೆಗೂ ಹಾಗೇ ಇತ್ತು. ಬೇಕಾದ್ರೆ ಇವರನ್ನೇ ಕೇಳಿ."

ಮಾವ ಹಿರಿಯರ ಕಡೆ ತಿರುಗಿದರು. ಮೂವತ್ತೊಂದು ವರ್ಷದಲ್ಲಿ ಕೊಟ್ಟ ಮಾತಿಗೆ ಒಮ್ಮೆಯೂ ತಪ್ಪದ ಮನುಷ್ಯ ಮತ್ತೆ ಎದೆ ಮುಟ್ಟಿಕೊಂಡರು.

"ಒರೆಸಿದ್ದು ಬಿಟ್ರೆ ಬೆರಳೂ ತಾಗಿಸಿಲ್ಲ ಅವರು. ನಾನೇ ಸಾಕ್ಷಿ."

ದಂಡನಾಯಕ ಕಣ್ಣು ಮಿಟುಕಿಸಿದ, ಹುಬ್ಬು ಹಾರಿಸಿದ, ಕೊನೆಗೆ ಬೇಡ ಎಂದು ಬಾಯಿಬಿಟ್ಟೇ ಹೇಳಿದ. ಹಿರಿಯರು ಅವನು ಹೆದರಿ ಬಡಬಡಿಸುತ್ತಿದ್ದಾನೆಂದು ತಿಳಿದು ಇನ್ನೂ ಗಟ್ಟಿಯಾಗಿ ಹೇಳಿದರು. ಟೈಲರಮ್ಮ, ಎಂಟು ದಿನವೂ ಕತ್ತಿ ಒರೆಯಿಂದ ಹೊರಗೆ ಬಂದದ್ದನ್ನು ತಾನು ಕಂಡಿಲ್ಲ ಎಂದಳು. ಮಾತಿಗಾಗಿ ಹೇಳಿದಳೋ ಮೆಷಿನ್ನಿಗಾಗಿ ಹೇಳಿದಳೋ, ಅದು ದಂಡನಾಯಕನಿಗೆ ಇವತ್ತಿಗೂ ಬಗೆಹರಿದಿಲ್ಲ. ಮಾವ ಕೊನೆಗೆ ಮಗಳನ್ನು ನೋಡಿದರು. ಅವಳು ಗಂಡನನ್ನೂ ಅಪ್ಪನನ್ನೂ ಒಂದೊಂದು ಸಲ ನೋಡಿದಳು. ಯಾವುದು ನಿಜ, ಯಾವುದನ್ನು ಹೇಳಬೇಕು, ಯಾರಿಗೆ ಏನೆಂದು ಮಾತು ಕೊಟ್ಟಿದ್ದೆ ಎಂಬುದೆಲ್ಲ ಅವಳಿಗೂ ಕಲಸಿಹೋಗಿತ್ತು.

"ಬರೀ ಪಾಲಿಶ್ ಅಪ್ಪ," ಎಂದುಬಿಟ್ಟಳು.

ಮಾವ ಬೈಯಲಿಲ್ಲ. ಮಾಡದ್ದನ್ನು ಮಾಡಿದೆ ಅನ್ನುವ ಅಭ್ಯಾಸ ಒಳ್ಳೆಯದಲ್ಲ ಅಳಿಯಂದಿರೇ, ಎಂದಷ್ಟೇ ಹೇಳಿ ಊಟಕ್ಕೆ ಕೂತರು. ಊಟ ಮುಗಿಸಿ ಎದ್ದವರು ಮೇಲಿನ ಕೋಣೆಯ ಕೀಲಿಯನ್ನು ಟೈಲರಮ್ಮನ ಕೈಗಿಟ್ಟರು. ಕತ್ತಿಯನ್ನು ಹಿರಿಯರಿಗೆ ಕೊಟ್ಟು, ಮೂವತ್ತೊಂದು ವರ್ಷ ಇಂಥ ಸಾಮಾನುಗಳ ನಡುವೆಯೇ ಇದ್ದವರು, ಇದಕ್ಕೊಂದು ದಾರಿ ನಿಮ್ಮಿಂದಲೇ ಆದೀತು ಎಂದರು. ದಂಡನಾಯಕ ತನ್ನ ಮೂರು ಕತ್ತಿಗಳನ್ನು, ಯಾವುದರ ಹಿಡಿ ಯಾವುದರಲ್ಲಿದೆಯೆಂದು ತಿಳಿಯದ ಸ್ಥಿತಿಯಲ್ಲೇ, ತಬ್ಬಿಕೊಂಡು ಮೆಟ್ಟಿಲಿಳಿದ.

ಬಾಗಿಲ ಬಳಿ ಹಿರಿಯರು ಅವನ ಹೆಗಲ ಮೇಲೆ ಕೈಯಿಟ್ಟು, ಮಾವನಿಗೆ ಕೇಳಿಸದ ಹಾಗೆ ಕಿವಿಯಲ್ಲಿ ಹೇಳಿದರು.

"ಏನೂ ಯೋಚನೆ ಮಾಡಬೇಡಿ. ಸಾಯೋವರೆಗೂ ನಮ್ಮ ಬಾಯಿಂದ ಈ ವಿಷಯ ಹೊರಗೆ ಬರಲ್ಲ."