ಸಣ್ಣಯ್ಯನ ಕೆಮ್ಮು

ಇದ್ದದ್ದನ್ನು ಇದ್ದಹಾಗೆಯೇ ಟೀವಿಗೆ ಹಾಕಿ ತೋರಿಸಿಬಿಟ್ಟಿದ್ದರೆ ಶಾಂತರಾಜುವಿಗೆ ಈ ಗತಿ ಬರುತ್ತಿರಲಿಲ್ಲ. ಚೆಂದ ಮಾಡಲು ಹೋದ. ಚೆಂದ ಮಾಡಲು ಹೋಗಿ ಯಾರು ಉದ್ಧಾರವಾಗಿದ್ದಾರೆ ಹೇಳಿ.

ಶಾಂತರಾಜು ಹಳೇಕೋಟೆಯ ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡುವವನು. ಅವತ್ತು ಅವನಪ್ಪ ಸಣ್ಣಯ್ಯನ ವರ್ಷದ ತಿಥಿ. ಅಪ್ಪನ ದನಿ ಉಳಿದಿದ್ದದ್ದು ಒಂದೇ ಕಡೆ. ಜೇಬಿನಲ್ಲಿ ಇಟ್ಟುಕೊಳ್ಳುವಷ್ಟು ಪುಟ್ಟದೊಂದು ಹಳೇ ವಿಡಿಯೋ ಕ್ಯಾಮರಾದಲ್ಲಿ, ಗೃಹಪ್ರವೇಶದ ದಿನ ಹಿಡಿದದ್ದು. ಅದರಲ್ಲಿ ಸಣ್ಣಯ್ಯ ಜಗಲಿಯ ಮೇಲೆ ಬೆನ್ನು ಬಗ್ಗಿಸಿ ಕೂತು ಕೆಮ್ಮುತ್ತಾನೆ. ಆಮೇಲೆ ಒಳಕ್ಕೆ ತಿರುಗಿ, "ಬೆಟ್ಟೀ, ಒಸಿ ಕಾಪಿ ತತ್ತಾ" ಅನ್ನುತ್ತಾನೆ. ಅಷ್ಟೇ.

ಅವ್ವ ಬೆಟ್ಟಮ್ಮನಿಗೆ ಬೇಕಾಗಿದ್ದದ್ದೂ ಅಷ್ಟೇ. ಅವಳಿಗೆ ಕಣ್ಣಲ್ಲಿ ಪೊರೆ ಬಂದು ಎಲ್ಲ ಮಬ್ಬು. "ಮೊಕ ಕಾಣ್ದಿದ್ರೆ ಓಗ್ಲಿ ಕಣ್ಲಾ. ನಿಮ್ಮಪ್ಪ ನನ್ನ ಕೂಗೋದ ಒಂದ್ಸಲ ಕೇಳುಸ್ಬುಡು," ಎಂದು ಮಗನನ್ನು ಕೇಳುತ್ತಲೇ ಇದ್ದಳು.

ಚನ್ನರಾಯಪಟ್ಟಣದಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದವನೊಬ್ಬ ಅಂಗಡಿ ಮುಚ್ಚಿದಾಗ ಅವನ ಕಂಪ್ಯೂಟರು ಶಾಂತರಾಜುವಿನ ಪಾಲಿಗೆ ಬಂದಿತ್ತು. ಅದರೊಳಗೆ ಸಿನಿಮಾದವರು ಬಳಸುವಂಥ ಎಡಿಟಿಂಗ್ ಸಾಫ್ಟ್‌ವೇರು. ತೆರೆದರೆ ಪರದೆ ತುಂಬ ಗುಂಡಿಗಳು. ಯಾವುದನ್ನು ಒತ್ತಿದರೆ ಏನಾಗುತ್ತದೆಂದು ಅದನ್ನು ಮಾಡಿದವನಿಗೂ ಗೊತ್ತಿತ್ತೋ ಇಲ್ಲವೋ. ನೆಗಡಿಯಾಗಿದ್ದ ಶಾಂತರಾಜು ಅಪ್ಪನ ಕಂದು ಶಾಲನ್ನೇ ಹೊದ್ದು, ಕ್ಯಾಮರಾಕ್ಕೆ ವೈರು ಸಿಕ್ಕಿಸಿ, ಕೆಮ್ಮುತ್ತ ಬೆಳಿಗ್ಗೆಯೇ ಅದರ ಮುಂದೆ ಕೂತ.

ಮೊದಲು ಬಂದವಳು ಸೋದರತ್ತೆ ಮಾರಮ್ಮ. ಪರದೆಯಲ್ಲಿ ಅಣ್ಣನ ಪಕ್ಕ ಜಗಲಿಯ ಮೇಲೆ ಎದುರುಮನೆ ಶಿವಯ್ಯ ಕೂತಿರುವುದನ್ನು ಕಂಡು ಮೂಗು ಮುರಿದಳು. ಅವಳ ಮೇಕೆ ಶಿವಯ್ಯನ ಅವರೆಗಿಡ ಮೇಯ್ದಂದಿನಿಂದ ಅವರಿಬ್ಬರಿಗೂ ಮಾತಿಲ್ಲ. ಅವನನ್ನು ಕತ್ತರಿಸದಿದ್ದರೆ ತಾನು ಎಡೆಗೆ ಕೈ ಮುಗಿಯುವುದಿಲ್ಲ ಎಂದಳು. ಶಾಂತರಾಜು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ಶಿವಯ್ಯನನ್ನು ಅಂಚಿನಾಚೆಗೆ ದೂಡಿದ. ಶಿವಯ್ಯನೇನೋ ಹೋದ, ಅಪ್ಪನ ಮುಖವೂ ಕಲಸಿದ ಹಿಟ್ಟಿನಂತಾಯಿತು.

ಆಮೇಲೆ ಬಂದವನು ಪಕ್ಕದ ಮನೆಯ ಈಶ್ವರಯ್ಯ. ಕರೆಂಟಿನ ಮೀಟರು ಓದುವ ಕೆಲಸ ಮಾಡಿ ರಿಟೈರಾದವನು. ವೈರು ಇರುವ ವಸ್ತುವೆಲ್ಲ ತನ್ನ ಸುಪರ್ದಿಗೆ ಸೇರಿದ್ದು ಎಂದುಕೊಂಡವನು. ತಿಥಿ ದಿನ ನೆಂಟರ ಮುಂದೆ ಕೆಮ್ಮು ಕೇಳಿಸಿದರೆ ಊಟ ಇಳಿಯುತ್ತದೆಯೇ, ತೆಗೆ ಎಂದ. ಶಾಂತರಾಜು ಕೆಮ್ಮನ್ನೂ ತೆಗೆದ. ತೆಗೆದ ಮೇಲೆ ಅಪ್ಪ ಬಾಯಿ ತೆರೆಯುವುದು, ಮುಚ್ಚುವುದು, ಕೊಳದ ಮೀನಿನ ಹಾಗೆ ಕಂಡಿತು. ಆದರೂ ಅವ್ವನನ್ನು ಕೂಗುವುದೊಂದು ಉಳಿದಿದೆಯಲ್ಲ, ಸಾಕು ಅಂದುಕೊಂಡ ಶಾಂತರಾಜು.

ಅಷ್ಟರಲ್ಲಿ ಎಡೆಯ ವಿಡಿಯೋ ಹಿಡಿಯಲು ಮಾರಮ್ಮ ಕ್ಯಾಮರಾ ಕೇಳಿದಳು. ನೋಡಿದರೆ ಅದರಲ್ಲಿ ಜಾಗವಿಲ್ಲ. "ಎಲ್ಲಾ ಕಂಪ್ಯೂಟ್ರಿಗೆ ಬಂದಾದ್ಮೇಲೆ ಅದ್ರಲ್ಲಿ ಇಟ್ಕಂಡು ಉಪ್ಪಿನ್ಕಾಯಿ ಆಕ್ತೀಯಾ? ಅಳುಸ್ಬುಡು," ಎಂದ ಈಶ್ವರಯ್ಯ. ಮಾತು ಸರಿಯೆನ್ನಿಸಿತು. ಶಾಂತರಾಜು ಅಳಿಸಿ, ವೈರು ಕಿತ್ತು, ಕ್ಯಾಮರಾವನ್ನು ಅತ್ತೆಯ ಕೈಗೆ ಕೊಟ್ಟ. ಅವಳು ಅದರ ಗುಂಡಿಗಳನ್ನು ಒತ್ತಿನೋಡಿ, ಎಡೆ ಇಡುವಾಗ ತೆಗೆದುಕೊಂಡರಾಯಿತೆಂದು ಅವನ ಬೆನ್ನ ಹಿಂದಿನ ಗೋಡೆಗೂಡಿನಲ್ಲಿಟ್ಟು ಮುದ್ದೆ ತೊಳಸಲು ಹೋದಳು.

ಶಾಂತರಾಜು ತಿರುಗಿ ನೋಡಿದ. ಪರದೆಯ ತುಂಬ ಕೆಂಪು. ಅಪ್ಪನೂ ಇಲ್ಲ, ಜಗಲಿಯೂ ಇಲ್ಲ. ವಿಡಿಯೋ ಸಿಗುತ್ತಿಲ್ಲ ಎಂಬ ಬರಹವೊಂದೇ.

ಕಂಪ್ಯೂಟರನ್ನು ಆರಿಸಿ ಹಾಕಿದ, ಹಾಕಿ ಆರಿಸಿದ. ತಲೆ ಕೆರೆದುಕೊಂಡ, ಶಾಲಿನಲ್ಲಿ ಮೂಗೊರೆಸಿಕೊಂಡ, ಕೆಮ್ಮಿದ, ಮಂಡಿಯ ಮೇಲೆ ಮೊಣಕೈ ಊರಿ ಬೆನ್ನು ಬಗ್ಗಿಸಿ ಕೂತುಬಿಟ್ಟ. ಮಧ್ಯಾಹ್ನ ಪೂರ್ತಿ ಹೀಗೆಯೇ ಕಳೆಯಿತು. ಹೊತ್ತಿಳಿದ ಮೇಲೆ ಹಾಸನದ ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದ. ಆ ಸಾಫ್ಟ್‌ವೇರು ವಿಡಿಯೋವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಕ್ಯಾಮರಾದಲ್ಲಿರುವುದನ್ನು ಬೆರಳು ಮಾಡಿ ತೋರಿಸುತ್ತದೆ ಅಷ್ಟೇ ಎಂದು ಅವನು ವಿವರಿಸಿದ. "ಯೋಚ್ನೆ ಮಾಡ್ಬೇಡಿ ಸಾ. ಅಳ್ಸಿರೋದ ವಾಪಸ್ ತೆಗೀಬೌದು. ಅದ್ರ ಮೇಲೆ ಒಸದಾಗಿ ಏನೂ ರೆಕಾರ್ಡ್ ಮಾಡಿಲ್ಲ ತಾನೆ?"

ಶಾಂತರಾಜು ಹಿಂದಕ್ಕೆ ತಿರುಗಿದ. ಗೂಡಿನಲ್ಲಿ ಕ್ಯಾಮರಾದ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು. ಅತ್ತೆ ಗುಂಡಿ ಒತ್ತಿದಾಗಿನಿಂದ ಅದು ಅವನ ಬೆನ್ನನ್ನು ರೆಕಾರ್ಡು ಮಾಡುತ್ತಲೇ ಇತ್ತು. ಅಪ್ಪ ಇದ್ದ ಜಾಗದಲ್ಲೆಲ್ಲ ಈಗ ಅವನೇ ತುಂಬಿಕೊಂಡಿದ್ದ.

ಸಂಜೆ ಮುದ್ದೆ, ಬಾಡಿನ ಸಾರು, ಬೀಡಿಕಟ್ಟು ಎಲ್ಲ ಇಟ್ಟು ಎಡೆಯಾಯಿತು. ಸತ್ತವರು ಬಂದು ಉಂಡುಹೋಗಲೆಂದು ಬಾಗಿಲು ಮುಚ್ಚಿ ಎಲ್ಲರೂ ಆಚೆ ನಿಂತರು. ಅವ್ವನಿಗೆ ಹೇಗೆ ಹೇಳುವುದೆಂದು ತಿಳಿಯದೆ ಶಾಂತರಾಜು ಗೋಡೆ ನೋಡುತ್ತಿದ್ದ. ಬಾಗಿಲು ತೆರೆದದ್ದೇ ತಡ, ಈಶ್ವರಯ್ಯ ಮುಂದೆ ನುಗ್ಗಿ, ಚೆಂದ ಮಾಡಿದ್ದು ಅದಕ್ಕೇ ವಾಪಸು ಬಂದಿರುತ್ತದೆಂದು ಕ್ಯಾಮರಾವನ್ನು ಟೀವಿಗೆ ಸಿಕ್ಕಿಸಿಯೇಬಿಟ್ಟ. ಶಾಂತರಾಜು ಅಡುಗೆಮನೆಯ ಬಾಗಿಲ ಹಿಂದೆ ಅವಿತುಕೊಂಡ.

ಟೀವಿಯಲ್ಲಿ ಮಬ್ಬುಗತ್ತಲು. ಕಂದು ಶಾಲು ಹೊದ್ದ ಒಂದು ಬೆನ್ನು. ಬೆನ್ನು ಕೆಮ್ಮಿತು.

"ಬಂದ್ಬುಟ್ಟ ಕಣ್ರವ್ವ," ಎಂದಳು ಬೆಟ್ಟಮ್ಮ. ಅರಕಲಗೂಡಿನಿಂದ ಬಂದಿದ್ದ ನೆಂಟರು ಕಣ್ಣೊರೆಸಿಕೊಂಡರು. ಶಿವಯ್ಯ ಕಾಣದ್ದರಿಂದ ಮಾರಮ್ಮನಿಗೆ ಸಮಾಧಾನವಾಯಿತು. ಮಾರಮ್ಮ ಕಾಣದ್ದರಿಂದ ಊಟಕ್ಕೆ ಬಂದಿದ್ದ ಶಿವಯ್ಯನಿಗೂ ಆಯಿತು. ಕೆಮ್ಮು ತೆಗೆ ಎಂದವನು ಈಶ್ವರಯ್ಯನೇ. ಆ ಕೆಮ್ಮಿನಲ್ಲೇ ಜೀವ ಇದೆ ನೋಡಿ ಎಂದು ನೆಂಟರಿಗೆ ತೋರಿಸುತ್ತಿದ್ದವನೂ ಅವನೇ. ಇಷ್ಟೆಲ್ಲ ವಿಡಿಯೋ ತೆಗೆದ ಶಾಂತರಾಜು ಒಬ್ಬ ಇದರಲ್ಲಿ ಕಾಣಲಿಲ್ಲವಲ್ಲ ಎಂದು ಯಾರೋ ಪಾಪ ಅಂದರು.

ಬೆಟ್ಟಮ್ಮ ಮಾತ್ರ ಕಿವಿ ಮುಂದೆ ಚಾಚಿ ಕಾಯುತ್ತಿದ್ದಳು. ಬೆನ್ನು ಮತ್ತೆ ಕೆಮ್ಮಿತು, ಮತ್ತೆ ಸುಮ್ಮನಾಯಿತು. ಅವಳು ಟೀವಿಯ ಹತ್ತಿರ ಹತ್ತಿರಕ್ಕೆ ಸರಿಯುವುದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಶಾಂತರಾಜುವಿಗೆ ತಡೆಯಲಾಗಲಿಲ್ಲ. ಗಂಟಲನ್ನು ಅಪ್ಪನ ಗಂಟಲಿನಷ್ಟು ಒರಟು ಮಾಡಿಕೊಂಡು, ಅಲ್ಲಿಂದಲೇ ಕೂಗಿದ.

"ಬೆಟ್ಟೀ, ಒಸಿ ಕಾಪಿ ತತ್ತಾ."

ಬೆಟ್ಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮಗನನ್ನು ಕರೆದಳು.

"ಶಾಂತೂ, ಎಲ್ಲಾ ನಿಮ್ಮಪ್ಪನೇ ಕಣಪ್ಪ. ಆ ಬೆನ್ನು, ಆ ಕೆಮ್ಮು, ಎಲ್ಲಾ ಅವುಂದೇ. ಆದ್ರೆ ಕಡೇಲಿ ನನ್ನ ಎಸ್ರಿಡ್ದು ಕೂಗ್ದೋನು ಯಾವನ್ಲಾ? ಅವುನ್ನ ಕತ್ರುಸಾಕ್ಬುಡು."

ಶಾಂತರಾಜು ಬಾಗಿಲ ಹಿಂದಿನಿಂದಲೇ "ಊಂ ಕಣವ್ವ" ಎಂದು ಕಾಫಿಗೆ ಹಾಲಿಟ್ಟ.