ಇಲ್ಲದ ಮನೆಗೆ ಬಂದ ನೆಂಟರು

ನಾನು ಯಾವುದನ್ನಾದರೂ 'ಇದು ನನ್ನದು' ಅಂದ ಕೂಡಲೇ ಅದರೊಳಗೆ ಊರೇ ಬಂದು ಕೂರುವುದು ಹೊಸದೇನಲ್ಲ. ಈಚೆಗೆ ಕಂಪ್ಯೂಟರಿನೊಳಗೂ ಬಂದು ಕೂರತೊಡಗಿದೆ.

ನಾನು ಅಸೂಟಿಯಿಂದ ದಿನಾ ಬಸ್ಸಿನಲ್ಲಿ ರೋಣದ ಕಾಲೇಜಿಗೆ ಹೋಗುವವಳು. ಡಿಗ್ರಿಯ ಕೊನೆಯ ವರ್ಷ. ಕಂಪ್ಯೂಟರ್ ಸರ್ ನಮಗೆ ಇಪ್ಪತ್ತು ಅಂಕದ ಕೆಲಸ ಕೊಟ್ಟರು: ಒಂದು ವರ್ಚುವಲ್ ಲೋಕದಲ್ಲಿ ಎಲ್ಲರಿಗೂ ಒಂದೊಂದು ಜಾಗ, ಅಲ್ಲಿ ಮನೆ ಕಟ್ಟಬೇಕು, ಅನುಭವವನ್ನು ಬ್ಲಾಗಿನಲ್ಲಿ ಬರೆಯಬೇಕು. ಆ ಇಪ್ಪತ್ತು ಅಂಕ ನನಗೆ ಬೇಕೇ ಬೇಕಿತ್ತು. ಯಾಕೆಂದರೆ ಅಪ್ಪನ ಮಾತು ಹೀಗಿತ್ತು: "ಫಸ್ಟ್ ಕ್ಲಾಸ್ ಬಂದ್ರ ಧಾರವಾಡಕ್ಕ ಎಂ.ಎ.ಗೆ ಕಳಸ್ತೀನಿ. ಆದ್ರ ಅಲ್ಲೀತನಕ ಚಲೋ ಸಂಬಂಧ ಬಂದ್ರ ಬ್ಯಾಡ ಅನ್ನಾಂಗಿಲ್ಲ."

ಬಟ್ಟಲು

ಬ್ಲಾಗ್ ಅಂದರೆ ಮನಸ್ಸಿಗೆ ಬಂದದ್ದನ್ನು ಬರೆಯುವುದು ಅಂತ ಸರ್ ಹೇಳಿದ್ದರು. ಬರೆದೆ. 'ನಮ್ಮ ಓಣಿಯ ಒಬ್ಬರು ವಾರಕ್ಕೊಮ್ಮೆ ನಮ್ಮ ಮನೆಯಿಂದ ಗುರೆಳ್ಳ ಚಟ್ನಿ ಒಯ್ಯುತ್ತಾರೆ. ನಮ್ಮ ಬಟ್ಟಲಲ್ಲೇ ಒಯ್ಯುತ್ತಾರೆ. ಬಟ್ಟಲು ಮಾತ್ರ ತಿರುಗಿ ಬರುವುದಿಲ್ಲ.' ಹೆಸರು ಹಾಕಿರಲಿಲ್ಲ, ಅಷ್ಟು ಮರ್ಯಾದೆ ನನಗೂ ಗೊತ್ತು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಾಲ್ಕು ಮಂದಿ ಹೆಂಗಸರು, ನಾಲ್ಕು ಬಟ್ಟಲು. "ನನ್ನ ಬಗ್ಗೆನ ಬರದೀಯಲ್ಲ? ತಗೋ ನಿಮ್ಮ ಬಟ್ಟಲಾ!" ನಾನು ಬರೆದದ್ದು ಇವರಲ್ಲಿ ಒಬ್ಬರ ಬಗ್ಗೆಯೂ ಅಲ್ಲ. ಅದರಲ್ಲಿ ಎರಡು ಬಟ್ಟಲು ನಮ್ಮವೂ ಅಲ್ಲ. ಆದರೂ ಬೈಸಿಕೊಂಡವಳು ನಾನು.

ನಾನು ಬರೆದದ್ದು ಪಕ್ಕದ ಮನೆಯ ದೊಡ್ಡವ್ವನ ಬಗ್ಗೆ. ಆಕೆ ಎಲ್ಲರೂ ಹೋದ ಮೇಲೆ ಬಂದಳು. "ಯಾರವಾ ಅಕಿ, ನಾಚಿಕಿಗೇಡಿ? ಹೆಸರ ಹೇಳು, ನಾ ನೋಡ್ಕೋತೀನಿ!" ಅಂತ ಅರ್ಧ ತಾಸು ನನ್ನ ಪರವಾಗಿ ಸಿಟ್ಟು ಮಾಡಿದಳು. ಏಳುವಾಗ ಅಂದಳು:

"ಒಂದೀಟ ಗುರೆಳ್ಳ ಚಟ್ನಿ ಹಾಕಿಕೊಡು. ನಾ ಬಟ್ಟಲಾ ತಂದಿಲ್ಲ."

ಕಾಲ್ಮರಿ

ವರ್ಚುವಲ್ ಲೋಕದಲ್ಲಿ ನಾವು ಹೋಗುವುದಿಲ್ಲ, ನಮ್ಮ ಬದಲು ಒಂದು ಗೊಂಬೆ ಓಡಾಡುತ್ತದೆ. ನನ್ನ ಗೊಂಬೆಯನ್ನು ನೋಡಿ ಅವ್ವ, "ಏನ ಕೂದಲಾ ಬಿಟ್ಕೊಂಡ ನಿಂತೈತಿ, ಜಡಿ ಹಾಕು" ಅಂದಳು. ಜಡೆಯ ಗುಂಡಿ ಅದರಲ್ಲಿರಲಿಲ್ಲ. ಹುಡುಕಿ ಹುಡುಕಿ ಒಂದು ಟೊಪ್ಪಿಗೆ ಹಾಕಿದೆ. ಅವ್ವನಿಗೆ ಅದೂ ಸೇರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಗೊಂಬೆ ಬೂಟು ಹಾಕಿಕೊಂಡೇ ನನ್ನ ಪಡಸಾಲೆಗೆ ನುಗ್ಗಿತು. ಅವ್ವನ ಕಣ್ಣು ಕೆಂಪಾದವು. "ಯಾರ ಅವ? ಕಾಲ್ಮರಿ ಹೊರಗ ಬಿಡಂತ ಹೇಳು!"

"ಅವ್ವಾ, ಅಲ್ಲಿ ಧೂಳ ಇರಂಗಿಲ್ಲ."

"ಧೂಳ ಇರಂಗಿಲ್ಲ ಖರೇ, ರೀತಿ ಇರಬೇಕಲ್ಲ?"

ಟೈಪ್ ಮಾಡಿದೆ: 'ದಯವಿಟ್ಟು ಕಾಲ್ಮರಿ ಹೊರಗೆ ಬಿಟ್ಟು ಬನ್ನಿ.' ಗೊಂಬೆ ಗಕ್ಕನೆ ನಿಂತಿತು. ಹೊರಗೆ ಹೋಯಿತು. ಬಾಗಿಲ ಮುಂದೆ ಹತ್ತು ನಿಮಿಷ ಅತ್ತಿತ್ತ ಸುತ್ತಿತು. ಆಮೇಲೆ ಮಾಯವಾಯಿತು.

ಮರುದಿನ ತರಗತಿಯಲ್ಲಿ ಸರ್ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ನಿನ್ನೆ ನಿಮ್ಮ ಮನಿ ನೋಡಾಕ ಬಂದಿದ್ದೆ. ಬೂಟ ತಗಿಯೂ ಗುಂಡಿ ಎಲ್ಲೈತೋ ಸಿಗಲಿಲ್ಲ. ಹೊರಗಿಂದ ನೋಡಿದ್ದಕ್ಕ ಐದು ಅಂಕ ಕೊಟ್ಟೀನಿ."

ಬದು

ಕೈಕಾಲು ಹಿಡಿದು ಸರ್ ಅವರನ್ನು ಇನ್ನೊಮ್ಮೆ ಬರಲು ಒಪ್ಪಿಸಿದೆ. ಅಷ್ಟರಲ್ಲಿ ನನ್ನ ಪಕ್ಕದ ಜಾಗದ ಹುಡುಗಿ ಹಾಕಿದ ಬೇಲಿ ಎರಡು ಚೌಕ ನನ್ನ ಕಡೆ ಬಂದಿತ್ತು. ರಾಜೂರಿನ ಹುಡುಗಿ, ನನ್ನ ಗೆಳತಿಯೇ. ಊಟಕ್ಕೆ ಕೂತಾಗ ನಗುತ್ತ ಹೇಳಿದೆ. ನಕ್ಕವಳು ನಾನೊಬ್ಬಳೇ. ಅಪ್ಪ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು.

"ಇವತ್ತ ಎರಡ ಚೌಕ ಬಂದಾರ, ನಾಳೆ ಪಡಸಾಲಿಗೆ ಬರ್ತಾರ!"

ಆಕೆಯ ಅಪ್ಪನಿಗೆ ಫೋನು ಹೋಯಿತು. ಆ ಪುಣ್ಯಾತ್ಮರಾದರೂ ನಗಬೇಕಲ್ಲ? "ನಮ್ಮ ಹುಡುಗಿ ಹಾಕಿದ ಬೇಲಿ ಹಾಕಬೇಕಾದ ಜಾಗಾದಾಗನ ಐತ್ರಿ. ಬೇಕಾದ್ರ ಅಳತಿ ಮಾಡಸ್ರಿ" ಅಂದರಂತೆ. ಭಾನುವಾರ ರಾಜೂರಿನಲ್ಲಿ ನಾಲ್ಕು ಮಂದಿ ಹಿರಿಯರು ಕೂತರು. ಎರಡು ಸಲ ಚಹಾ ಆಯಿತು. ಗೆಳತಿ, ನಾನು ಅಡುಗೆಮನೆಯಲ್ಲಿ ಕೂತು ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿ ಬೇಲಿ ಸರಿಸಿಬಿಟ್ಟೆವು. ಹೊರಗೆ ಬಂದು ಹೇಳಿದರೆ, "ಹಿರ್‍ಯಾರು ಕುಂತಾಗ ಹುಡುಗ್ಯಾರು ನಡಕ ಬಾಯಿ ಹಾಕಬಾರದು" ಅಂತ ಗದರಿದರು. ಸಂಜೆಗೆ ತೀರ್ಪಾಯಿತು: ಅವರಿಗೊಂದು ಚೌಕ, ನಮಗೊಂದು ಚೌಕ.

ನನಗೆ ಆಗಲೇ ತಿರುಗಿ ಸಿಕ್ಕಿದ್ದ ಎರಡು ಚೌಕದಲ್ಲಿ ಒಂದನ್ನು ಕಳೆದು ಬಂದು, ಅಪ್ಪ ಮನೆಯಲ್ಲಿ ಮೀಸೆ ತಿರುವುತ್ತ ಹೇಳಿದರು: "ಗೆದ್ದ ಬಂದೆ!"

ಬಾಗಿಲು

ಇಷ್ಟೆಲ್ಲ ಆದ ಮೇಲೆ ಮನೆ ಮುಗಿಯಿತು. ಬ್ಲಾಗಿನಲ್ಲಿ ಖುಷಿಯಿಂದ ಬರೆದೆ: 'ಕೊನೆಗೂ ನನ್ನದೇ ಒಂದು ಮನೆ ಕಟ್ಟಿದೆ. ಎರಡಂತಸ್ತು.' ನರಗುಂದದ ಅತ್ತೆ ಅಷ್ಟನ್ನೇ ಓದಿದರು. ಓದಿ ಸುಮ್ಮನಿರದೆ ನಾಲ್ಕು ಮನೆಗೆ ಹೇಳಿದರು. ಅಂಕ ಬರುವ ಮೊದಲೇ ನರಗುಂದದಿಂದ ಗಂಡಿನ ಕಡೆಯವರು ನಾಲ್ಕು ಜನ ಬಂದರು.

ಸೀರೆ ಉಡಿಸಿ ಕೂರಿಸಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ಓದಿದ್ದು ಅವಲಕ್ಕಿ ತಟ್ಟೆ ಹಿಡಿದುಕೊಂಡು ಬರಲಿಕ್ಕೇ? ಅವಲಕ್ಕಿ ಮುಗಿಸಿ ಹುಡುಗನ ಕಾಕಾ ಕೇಳಿದರು: "ಹುಡುಗಿ ಹೆಸರ್‍ಲೇ ಮನಿ ಐತಂತಲ್ರಿ?"

ಅಪ್ಪ ಸುಳ್ಳು ಹೇಳುವವರಲ್ಲ. "ಐತ್ರಿ. ಕಂಪ್ಯೂಟರಿನಾಗ ಐತಿ."

ಈಗ ಎದ್ದು ಹೋಗುತ್ತಾರೆ ಅಂತ ನಾನು ಒಳಗೊಳಗೇ ಹಿಗ್ಗಿದೆ. ಹೋಗಲಿಲ್ಲ! ಕಾಕಾ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು, "ತೋರಸವಾ" ಅಂದರು. ಮೆಟ್ಟಿಲು ನೋಡಿದರು. ಅಡುಗೆಮನೆ ನೋಡಿದರು. "ಗಾಳಿ ಬೆಳಕ ಚಲೋ ಐತಿ" ಅಂದರು. ಆಮೇಲೆ ಪರದೆಯ ಮೂಲೆಯಲ್ಲಿದ್ದ ದಿಕ್ಸೂಚಿಯ ಮೇಲೆ ಬೆರಳಿಟ್ಟರು. ಮುಂಬಾಗಿಲು ನೇರ ದಕ್ಷಿಣಕ್ಕಿತ್ತು. ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬಸ್ಸಿಗೆ ಹೊತ್ತಾತ್ರಿ" ಅಂತ ಎದ್ದರು.

ಮರುದಿನ ಅತ್ತೆಯ ಫೋನು ಬಂತು. "ಹುಡುಗಿ ಪಸಂದ ಆಗ್ಯಾಳಂತ. ಬಾಗಿಲಾ ಪಸಂದ ಆಗಿಲ್ಲಂತ."

ಅವ್ವ ನನ್ನ ಮೇಲೆ ಹರಿಹಾಯ್ದಳು. "ಅದೇನ ಕಲ್ಲ ಮಣ್ಣಿಂದೇನು? ಬೆರಳಿಂದ ತಿರಗತೈತಿ! ಲಗೂನ ಪೂರ್ವಕ್ಕ ತಿರುಗಸು, ಮುಂದಿನ ವಾರ ಗಜೇಂದ್ರಗಡದವರು ಬರಾವರದಾರ!"

ಆ ರಾತ್ರಿಯೇ ಬ್ಲಾಗಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆ, ನರಗುಂದದ ಅತ್ತೆಯೂ ಪೂರ್ತಿ ಓದಲಿ ಅಂತ ಒಂದೇ ಸಾಲು: 'ನನ್ನ ಎಂ.ಎ. ಮುಗಿಯುವವರೆಗೆ ಈ ಮನೆಯ ಬಾಗಿಲು ದಕ್ಷಿಣಕ್ಕೇ ಇರುತ್ತದೆ.'